ಒಳಗೊಂದು, ಹೊರಗೊಂದು

“ಈ ಪುಸ್ತಕವನ್ನ ಮಾತ್ರ ಹೊಗಳಬೇಡಿ ರೀ. ನಿಮ್ಮ ಕಾಲು ಹಿಡ್ಕೋತೀನಿ.”

ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಮದುವೆಯಾದಂದಿನಿಂದ ಹೆಂಡತಿ ಅವನ ಅಂಕಣದ ತಂಟೆಗೆ ಬಂದವಳಲ್ಲ. ಅವಳು ಊರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ಅವನು ಭಾನುವಾರದ ಪತ್ರಿಕೆಯ ವಿಮರ್ಶಕ. ಅಂಕಣದ ಹೆಸರು ‘ಗರಗಸ’, ಕ್ರಮೇಣ ಅವನ ಹೆಸರೂ ಅದೇ ಆಗಿತ್ತು. ಗರಗಸ ಹೊಗಳಿದ್ದನ್ನು ಗ್ರಂಥಾಲಯ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿತ್ತು. ಬಯ್ದದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಊರಿನವರು ಓದುತ್ತಿದ್ದುದೂ ಹಾಗೆಯೇ. ಕ್ಷೌರದಂಗಡಿಯವನು ಕೂಡ ಕತ್ತರಿ ನಿಲ್ಲಿಸಿ, “ಈ ವಾರ ಯಾರ ತಲೆ ತೆಗೀತೀರಾ ಸಾರ್? ನಾನೇನೋ ಬರೀ ಕೂದಲು ತೆಗೆಯೋನು” ಎನ್ನುತ್ತಿದ್ದ.

“ಯಾಕೆ ಹೊಗಳಬಾರದು?”

“ಸುಮ್ಮನೆ.”

“ಸುಮ್ಮಸುಮ್ಮನೆ ಯಾರಾದರೂ ಕಾಲು ಹಿಡೀತಾರೇನೇ?”

ಅವಳು ಮೇಜಿನ ಮೇಲಿದ್ದ ಕಾದಂಬರಿಯನ್ನು ಎತ್ತಿಕೊಂಡಳು. ಒಂದು ಪುಟವನ್ನೂ ತೆರೆಯದೆ, ಅದರ ಬೆನ್ನಿನ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಇಟ್ಟು ಮೆಲ್ಲಗೆ ಸರಿಸಿದಳು.

“ದಪ್ಪಗಿದೆ,” ಎಂದು ಉಸಿರುಬಿಟ್ಟಳು.

ಬೆನ್ನು ಸವರುತ್ತಿದ್ದಾಳೆ! ಹಿಂಬದಿಯಲ್ಲಿ ಲೇಖಕನ ಚಿತ್ರವಿತ್ತು. ಗುಂಗುರು ಕೂದಲು, ಗಲ್ಲಕ್ಕೆ ಊರಿದ ಕೈ. ಈಚೆಗೊಮ್ಮೆ ಗ್ರಂಥಾಲಯದ ಮೂಲೆಯಲ್ಲಿ ಅವಳ ಹತ್ತಿರ ಬಗ್ಗಿ ಏನನ್ನೋ ಪಿಸುಗುಟ್ಟುತ್ತಿದ್ದವನು ಇವನೇ.

“ಗೊತ್ತಾ, ನಿಮ್ಮಿಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತೆ,” ಎಂದಳು ಅವಳು, ಯಾರದೋ ಸಾವಿನ ಸುದ್ದಿ ಹೇಳುವ ಧಾಟಿಯಲ್ಲಿ.

ಅಣಕಿಸುವುದು ಗರಗಸನಿಗೆ ಉಸಿರಾಡಿದಷ್ಟು ಸುಲಭ. ಗಲ್ಲಕ್ಕೆ ಕೈಯೂರಿ, ಕಣ್ಣು ಅರೆಮುಚ್ಚಿ, ಮೂಗಿನಿಂದ ಶುರುಮಾಡಿದ: “ನನ್ನ ಬರವಣಿಗೆಯೆಂದರೆ... ಮೌನದ ಜೊತೆಗಿನ... ಒಂದು ಸುದೀರ್ಘ... ಆಕಳಿಕೆ.”

ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಕಣ್ಣು ತುಂಬಿಕೊಂಡಳು.

“ಇದನ್ನೇ ಬರೀರಿ. ಹೀಗೇ ಬರೀರಿ. ಅವರು ಒಳಗೆ ಬಂದರೆ ಈ ಮನೆಯವರೊಬ್ಬರು ಹೊರಗೆ ಹೋಗಬೇಕಾಗುತ್ತೆ.”

“ಏನಂದೆ?”

“ಕೆಲಸಕ್ಕೆ ಹೊತ್ತಾಯ್ತು,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಗರಗಸ ಕೋಣೆಯ ಬಾಗಿಲು ಹಾಕಿಕೊಂಡು ಕಾದಂಬರಿಯನ್ನು ಮತ್ತೊಮ್ಮೆ ಓದಿದ. ಹೆಂಡತಿಯನ್ನು ಹುಡುಕುತ್ತ ಓದಿದ. ಅವಳ ನಗೆ, ಅವಳ ಸಿಡುಕು, ಕುತ್ತಿಗೆಯ ಮಚ್ಚೆ, ಯಾವುದೂ ಇರಲಿಲ್ಲ. ಸಿಕ್ಕಿದ್ದು ಒಂದೇ, ಅದೂ ಗಂಟಲಲ್ಲಿ ಸಿಕ್ಕಿಕೊಂಡಿತು: ಕಾದಂಬರಿ ನಿಜಕ್ಕೂ ಚೆನ್ನಾಗಿತ್ತು.

ಒಳ್ಳೆಯ ಬರವಣಿಗೆಯ ಕಷ್ಟ ಅವನಿಗೆ ಗೊತ್ತು. ಹರೆಯದಲ್ಲಿ ಅವನೂ ಒಂದು ಕಾದಂಬರಿ ಬರೆದಿದ್ದ. ಯಾವ ಪತ್ರಿಕೆಯೂ ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆದರೂ ಅವನು ಗ್ರಂಥಾಲಯಕ್ಕೆ ಹೋದಾಗಲೆಲ್ಲ ಕಪಾಟಿನಲ್ಲಿ ಅದರ ಜಾಗ ಖಾಲಿ. ಯಾರೋ ಓದಲು ಒಯ್ದಿರುತ್ತಿದ್ದರು. “ಓದೋರಿಗೆ ವಿಮರ್ಶೆ ಬೇಕಿಲ್ಲ ಕಣೇ, ಒಳ್ಳೇದನ್ನ ಅವರೇ ಹುಡುಕ್ಕೋತಾರೆ,” ಎಂದು ಹೆಂಡತಿಯ ಮುಂದೆ ಬೀಗುತ್ತಿದ್ದ. ಅವಳು “ಹೂಂ ರೀ” ಎನ್ನುತ್ತಿದ್ದಳು.

ಪತ್ರಿಕೆಯಿಂದ ಫೋನು: “ಸಾರ್, ನಿಮ್ಮ ಜಾಗ ಬಿಟ್ಟು ಉಳಿದದ್ದೆಲ್ಲ ರೆಡಿ.”

ಕೋಣೆ ಇಕ್ಕಟ್ಟಾದಂತಾಯಿತು. ಬಯ್ದರೆ ಅವಳ ಗುಟ್ಟಿಗೆ ತಾನೇ ಬೀಗ ಜಡಿದಂತೆ. ಹೊಗಳಿದರೆ ಆ ಗುಂಗುರು ತಲೆಗೆ ತಾನೇ ಕಿರೀಟ ತೊಡಿಸಿದಂತೆ. ಬರೆಯದೆ ಕೂತರೆ, ಗರಗಸಕ್ಕೆ ಹೆಂಡತಿಯೇ ತುಕ್ಕು ಹಿಡಿಸಿದಳು ಎಂದು ಊರು ಆಡಿಕೊಳ್ಳುತ್ತದೆ.

ಮತ್ತೆ ಫೋನು. ಈ ಸಲ ಅವಳು.

“ಬರೆದ್ರಾ?”

“ಅವನು ನಿನಗೇನಾಗಬೇಕು, ಮೊದಲು ಅದು ಹೇಳು.”

“ಅವರು ನನಗೆ ಏನೂ ಅಲ್ಲ ರೀ. ನಿಮಗೆ ಹೇಳೋ ಹಾಗಿದ್ದಿದ್ದರೆ ಎಂದೋ ಹೇಳ್ತಿರಲಿಲ್ವಾ?”

ಹೇಳುವ ಹಾಗಿಲ್ಲ! ಅಷ್ಟು ಸಾಕಾಯಿತು. ಗರಗಸ ಬರೆಯಲು ಕೂತ. ಅರ್ಧ ಹಟಕ್ಕೆ, ಅರ್ಧ ಪ್ರಾಮಾಣಿಕತೆಗೆ, ಎಂದೂ ಯಾರನ್ನೂ ಹೊಗಳದಷ್ಟು ಹೊಗಳಿದ. ‘ಈ ಕೃತಿಯಿಲ್ಲದ ಗ್ರಂಥಾಲಯ ಬರೀ ಗೋದಾಮು’ ಎಂದು ಮುಗಿಸಿದ.

ಭಾನುವಾರ ಅಚ್ಚಾಯಿತು. ಹೆಂಡತಿ ಓದಿ, ಪತ್ರಿಕೆ ಮಡಚಿಟ್ಟು, ಒಳಗೆ ಹೋಗಿ ಮಲಗಿದಳು.

ಪುಸ್ತಕ ಬಂದ ದಿನ ಗ್ರಂಥಾಲಯದ ಮುಖ್ಯಸ್ಥರೇ ಅವನನ್ನು ಕರೆದರು. ಲೇಖಕನೂ ಬರುತ್ತಾನಂತೆ. ಅವನನ್ನು ಕಂಡಾಗ ಅವಳ ಮುಖ ಹೇಗಾಗುತ್ತದೆ ನೋಡಿಯೇಬಿಡೋಣ ಎಂದು ಗರಗಸ ಹಲ್ಲು ಕಚ್ಚಿ ಹೋದ.

ಗುಂಗುರು ತಲೆಯವನು ಅವನಿಗೆ ಸೊಂಟ ಮುರಿಯುವಂತೆ ಬಾಗಿ ಕೈಮುಗಿದ. ಆಮೇಲೆ ಅವಳತ್ತ ತಿರುಗಿ, “ಹೋದ ಸಲ ಬಂದಾಗ ಶೌಚಾಲಯಕ್ಕೆ ದಾರಿ ತೋರಿಸಿದವರು ನೀವೇ ಅಲ್ವಾ ಮೇಡಂ? ಬಹಳ ಉಪಕಾರವಾಯ್ತು,” ಎಂದ.

ಗರಗಸನ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಮುಖ್ಯಸ್ಥರ ಭುಜ ತಟ್ಟಿದ, ಲೇಖಕನ ಭುಜ ತಟ್ಟಿದ, ತನ್ನದು ಕೈಗೆಟುಕಿದ್ದರೆ ಅದನ್ನೂ ತಟ್ಟಿಕೊಳ್ಳುತ್ತಿದ್ದ.

ಹೆಂಡತಿ ಮಾತ್ರ ನಗಲಿಲ್ಲ. ಅವಳ ಮುಂದೆ ಒಂದು ಹಳೆಯ ಪುಸ್ತಕ, ಕೊನೆಯ ಪುಟಕ್ಕೆ ತೆರೆದಿತ್ತು. ಕೈಯಲ್ಲಿ ‘ರದ್ದು’ ಎಂಬ ಮುದ್ರೆ.

“ಹೊಸ ನಿಯಮ ಸಾರ್,” ಎಂದರು ಮುಖ್ಯಸ್ಥರು. “ಕಪಾಟೆಲ್ಲ ಭರ್ತಿ. ಒಂದು ಒಳಗೆ ಬಂದರೆ ಅದೇ ಅಕ್ಷರದ ಸಾಲಿಂದ ಒಂದು ಹೊರಗೆ. ಯಾರೂ ಓದದೇ ಇರೋದನ್ನ ಕಂಪ್ಯೂಟರೇ ಆರಿಸುತ್ತೆ, ನಾನು ನೋಡೋದೂ ಇಲ್ಲ. ಸಿಬ್ಬಂದಿ ಒಯ್ದದ್ದು ಲೆಕ್ಕಕ್ಕಿಲ್ಲ. ಪಾಪ, ಮೇಡಂಗೆ ಬೆಳಗ್ಗೆಯಿಂದ ಕೈ ಬರ್ತಿಲ್ಲ.”

“ಕೊಡೇ ಇಲ್ಲಿ,” ಎಂದ ಗರಗಸ. “ಕೊಲ್ಲೋದು ನಿನ್ನ ಗಂಡನ ಕಸುಬು.”

“ಬೇಡ ರೀ, ನೀವಲ್ಲ!” ಅವಳು ಪುಟದ ಮೇಲೆ ಅಂಗೈ ಒತ್ತಿಹಿಡಿದಳು.

ಅವನು ಅವಳ ಬೆರಳುಗಳನ್ನು ಪ್ರೀತಿಯಿಂದ ಒಂದೊಂದಾಗಿ ಬಿಡಿಸಿ, ಮುದ್ರೆಯನ್ನು ಧಪ್ಪೆಂದು ಒತ್ತಿದ. ಎಲ್ಲರೂ ನಕ್ಕರು.

ಸತ್ತವನು ಯಾರೆಂದು ನೋಡಲು ಅವನು ಪುಸ್ತಕ ಮುಚ್ಚಿ ಮಗುಚಿದ. ರಟ್ಟಿನ ಮೇಲಿದ್ದದ್ದು ಅವನದೇ ಹೆಸರು.