ಡ್ರಮ್ಮರ್ ಕೈಕೊಟ್ಟ ದಿನ

"ಭಾವ, ಇವತ್ತು ಬರೋಕಾಗಲ್ಲ" ಎಂದಷ್ಟೇ ಹೇಳಿ ಡ್ರಮ್ಮರ್ ಫೋನ್ ಇಟ್ಟುಬಿಟ್ಟ. ಹಾಡು ಬರೆದು ತಾನೇ ಹಾಡುವ ಭಾವನಿಗೆ ಮೈಯೆಲ್ಲ ಉರಿಯಿತು. ಅವನ ಮೊದಲ ಎರಡು ರಾಕ್ ಆಲ್ಬಮ್‌ಗಳು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಿರಲಿಲ್ಲ. ಆಸೆಯೆಲ್ಲ ಈ ಮೂರನೆಯದರ ಮೇಲಿತ್ತು. ಅದರ ಕೊನೆಯ ಹಾಡು ಇವತ್ತೇ ಮುಗಿಯಬೇಕು. ನಾಳೆಯಿಂದ ಸ್ಟುಡಿಯೊ ಬೇರೆಯವರ ಪಾಲು.

ಅವನು ಮರೆತುಬಂದಿದ್ದ ಗಿಟಾರ್ ಕೇಬಲ್ ಕೊಡಲು ಆಗಷ್ಟೇ ಬಂದ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ತಮ್ಮ ನಡುನೀರಲ್ಲಿ ಕೈಬಿಟ್ಟ! ನನ್ನ ಹಣೆಬರಹವೇ ಇಷ್ಟು. ಈ ಆಲ್ಬಮ್ಮೂ ಬೇಡ, ಏನೂ ಬೇಡ."

"ಪ್ರತಿ ಸಲ ಇದೇ ರಾಗ!" ಅವಳು ಕೇಬಲ್ಲನ್ನು ಅವನ ಕೈಗೆ ತುರುಕಿ, ಮೂಲೆಯಲ್ಲಿದ್ದ ಡ್ರಮ್ಮಿನ ಮುಂದೆ ಹೋಗಿ ಕೂತಳು. "ವರ್ಷವಿಡೀ ಈ ಹಾಡು ನನ್ನ ತಲೆ ತಿಂದಿದೆ. ಈಗ ಬೇಡ್ವಂತೆ!" ಚಿಕ್ಕಂದಿನಲ್ಲಿ ತಮ್ಮನ ಜೊತೆ ಒಂದೇ ಜೋಡಿ ಡ್ರಮ್ ಕೋಲಿಗೆ ಕಿತ್ತಾಡಿ ಬೆಳೆದವಳು, ಎದುರಿಗಿರುವುದು ಗಂಡನ ಬೆನ್ನೇ ಎನ್ನುವಂತೆ ಬಾರಿಸತೊಡಗಿದಳು. ತಮ್ಮನ ನಯ ಇರಲಿಲ್ಲ. ಆದರೂ ಏಟುಗಳು ಹಾಡಿನ ತಾಳ ತಪ್ಪಲಿಲ್ಲ. ಹಾಡಿಗೆ ಬೇಕಿದ್ದ, ಭಾವ ಎಷ್ಟು ಹೇಳಿದರೂ ತಮ್ಮನ ಕೈಯಿಂದ ಹೊರಡದಿದ್ದ ಸಿಟ್ಟು ಈ ಏಟುಗಳಲ್ಲಿತ್ತು.

ಅವನು ಬಾಯಿ ತೆರೆದುಕೊಂಡು ನಿಂತ. ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಸದ್ದಿಲ್ಲದೆ ಗುಂಡಿ ಒತ್ತಿದ. "ಏನು ನೋಡ್ತಾ ನಿಂತಿದ್ದೀರಿ, ಮಹಾರಾಯರೇ?" ಅವಳು ಕೈ ನಿಲ್ಲಿಸದೆ ಕೂಗಿದಳು. "ನನ್ನ ಕೈ ಸೋಲೋ ಮುಂಚೆ ಹಾಡಿ!" ಅವನು ಗಿಟಾರ್ ಎತ್ತಿಕೊಂಡು, ಇನ್ನೂ ಕೋಪ ಇಳಿಯದ ದನಿಯಲ್ಲೇ ಹಾಡತೊಡಗಿದ.