ಅಗ್ಗದ ಸ್ಪೀಕರ್, ಅಮ್ಮನ ಕಿವಿ

“ಯಾರೇ ಅದು? ನಿಮ್ ಗುಬ್ಬಿ ಅತ್ತೆಗಿಂತ ಚೆನ್ನಾಗಿ ಹಾಡ್ತಾಳಲ್ಲೇ!” ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಕೇಳಿದರು.

“ಯಾರೋ ಕಣಮ್ಮ. ಸೌಂಡ್ ಹೆಂಗೈತೆ ಹೇಳು, ಚೆನ್ನಾಗಿಲ್ದಿದ್ರೆ ವಾಪಸ್ ಕಳಿಸ್ತೀನಿ,” ಎಂದಳು ಸಿಂಚನಾ. ಪುಸ್ತಕಗಳ ಪಕ್ಕ ಕೂತಿದ್ದ ಅಗ್ಗದ ಜೋಡಿ ಸ್ಪೀಕರ್‌ಗಳಿಂದ ಬರುತ್ತಿದ್ದುದು, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಅವಳದೇ ದನಿ. ಯಾರೆದುರೂ ಹಾಡದ ಅವಳಿಗೆ, ಅದು ಬೇರೆಯವರ ಕಿವಿಗೆ ಹೇಗೆ ಕೇಳುತ್ತದೆಂದು ಗುಟ್ಟಾಗಿ ತಿಳಿಯಬೇಕಿತ್ತು.

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅಮ್ಮ ಅಡುಗೆಮನೆಗೆ ಓಡಿದರು. ಅಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಹಿಂದೆಯೇ, ಫೋನಿನಲ್ಲಿ ಕೇಳುವಾಗ ಸಿಂಚನಾಳ ಕಿವಿಗೆ ಎಂದೂ ಬೀಳದಿದ್ದ ಅಮ್ಮನ ಕೂಗು ಸ್ಪೀಕರ್‌ನಿಂದ ಸ್ಪಷ್ಟವಾಗಿ ಬಂತು: “ಸಿಂಚನಾ, ಮೂರ್ ವಿಷಲ್ ಆಯ್ತು, ಗ್ಯಾಸ್ ಆಫ್ ಮಾಡೇ!”

ಅಮ್ಮ ಬಾಗಿಲಲ್ಲಿ ನಿಂತು ಮಗಳನ್ನೇ ನೋಡಿದರು. ಹಾಡು ನಿಲ್ಲಿಸಲು ಸಿಂಚನಾ ಫೋನಿಗೆ ಕೈ ಹಾಕಿದಳು.

“ಮುಟ್ಬೇಡ,” ಎಂದು ಅಮ್ಮ ಸ್ಪೀಕರ್ ಎದುರಿಗೇ ಕೂತರು. “ಮೊದ್ಲಿಂದ ಹಾಕು.”