ಎಡಗಡೆಯ ಕಾರ್ಬುರೇಟರ್

"ಇವತ್ತಿಂದ ನೀನು ಈ ಗಾಡಿ ಮುಟ್ಟಬೇಡ," ಎಂದು ಮಾವ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದರು. "ಪ್ರತಿ ಭಾನುವಾರ ಸೊಂಟ ಮುರ್ಕೊಂಡು ಟ್ಯೂನ್ ಮಾಡಿ ಕೊಡ್ತೀನಿ. ಸೋಮವಾರ ಸಂಜೆಗೆ ಕೆಮ್ಮಿಸ್ಕೊಂಡು ತಂದು ನಿಲ್ಲಿಸ್ತೀಯ. ಅದೇನು ಗಾಡಿ ಓಡಿಸ್ತೀಯೋ, ಅದರ ಜೊತೆ ಗುದ್ದಾಡ್ತೀಯೋ!"

ಸೊಸೆ ನರ್ಸು. ಲಸಿಕೆಯ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದಳು. ಕಲ್ಲು ಒಡೆಯುವ ಗುಡ್ಡದ ಮೇಲಿನ ಮನೆಗಳಿಗೆ ಬಸ್ಸಿಲ್ಲ. ಅಲ್ಲಿ ತಾಯಂದಿರು ಹತ್ತು ಗಂಟೆಗೇ ಕೂಸುಗಳನ್ನು ಎತ್ತಿಕೊಂಡು ಬಂದು ಕಾಯುತ್ತಾರೆ. ಹೋದ ತಿಂಗಳು ಏರಿನ ನಡುವೆಯೇ ಗಾಡಿ ನಿಂತು, ಐಸು ಕರಗಿ, ಒಂದು ಪೆಟ್ಟಿಗೆ ಲಸಿಕೆಯನ್ನು ಚೆಲ್ಲಬೇಕಾಗಿ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ಹೋಗಬಹುದು ಎಂದು ದೊಡ್ಡ ಡಾಕ್ಟರು ಕಾಗದದಲ್ಲೇ ಬರೆದು ಕೊಟ್ಟಿದ್ದರು.

"ನಾನು ಗುದ್ದಾಡಲ್ಲ ಮಾವ. ಈ ಅಂಗಳ ಬಿಡೋವಾಗ್ಲೇ ಅದು ಒಂದು ಕಾಲು ಕುಂಟ್ತಾ ಇರುತ್ತೆ. ನೀವು ಟ್ಯೂನ್ ಮಾಡೋದರಲ್ಲೇ ಏನೋ ತಪ್ಪಿದೆ."

"ಕೇಳಿದ್ಯಾ ಇವಳ ಮಾತು?" ಮಾವ ಜಗಲಿಯತ್ತ ತಿರುಗಿದರು. "ಮೂವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ ಟ್ಯೂನಿಂಗ್ ಹೇಳಿಕೊಡ್ತಾಳೆ!"

ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ನೀನೂ ಸ್ವಲ್ಪ ನಿಧಾನ ಓಡಿಸೋದು ಕಲಿ ತಾಯಿ," ಎಂದರು.

ಸೊಸೆ ಹಲ್ಲು ಕಚ್ಚಿಕೊಂಡಳು. ಎರಡು ವರ್ಷದಿಂದ ಇದೇ ಮಾತು. ಹಾಲು ಹಾಕಲು ಬಂದವರ ಮುಂದೆ, ನೆಂಟರ ಮುಂದೆ, ಅವಳ ತವರಿನವರ ಮುಂದೆ ಕೂಡ.

ಅದು ಜೋಡಿ ಸಿಲಿಂಡರಿನ ಹಳೆಯ ಬೈಕು. ಒಂದೊಂದು ಸಿಲಿಂಡರಿಗೆ ಒಂದೊಂದು ಕಾರ್ಬುರೇಟರ್. ಎರಡೂ ಸಮನಾಗಿ ಉಸಿರೆಳೆದರೆ ಮಾತ್ರ ಎಂಜಿನ್ನಿಗೆ ಏರು ಹತ್ತುವ ಕಸುವು. ಅದನ್ನು ನೋಡಲು ಮಾವ ಯಾವ ಮೀಟರನ್ನೂ ನಂಬಿದವರಲ್ಲ. ಎರಡು ರಬ್ಬರ್ ಟ್ಯೂಬುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಬಲಗಡೆಯ ಕಾರ್ಬುರೇಟರಿನ ಬಾಯಿಗೆ ಸಿಕ್ಕಿಸಿದ ಟ್ಯೂಬು ಬಲಗಿವಿಗೆ, ಎಡಗಡೆಯದು ಎಡಗಿವಿಗೆ. ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಎರಡೂ ಕಿವಿಗೆ ಒಂದೇ ಸದ್ದು ಬರುವ ತನಕ ಸ್ಕ್ರೂ ತಿರುಗಿಸುವುದು. ಅವರ ಕೈಯಲ್ಲಿ ಪಳಗಿದ ಮೆಕ್ಯಾನಿಕ್ಕುಗಳೆಲ್ಲ ಇವತ್ತಿಗೂ ಹೀಗೇ ಮಾಡುತ್ತಾರೆ.

ಈಗಲೂ ಕಿಕ್ ಹೊಡೆದು, ಟ್ಯೂಬು ಕಿವಿಗಿಟ್ಟು ಮಣೆಯ ಮೇಲೆ ಕೂತರು. ಎಂಜಿನ್ ಗಡಗಡ ನಡುಗುತ್ತಿತ್ತು, ಹಿಂದಿನ ಮಡ್‌ಗಾರ್ಡು ಕುಣಿಯುತ್ತಿತ್ತು.

"ನೋಡು, ಎಡಗಡೆಯದು ಮತ್ತೆ ಕಮ್ಮಿ!" ಎಂದು ಕಿರುಚಿ ಆ ಕಡೆಯ ಸ್ಕ್ರೂವನ್ನು ಅರ್ಧ ಸುತ್ತು ಏರಿಸಿದರು. "ಯಾವಾಗ ನೋಡಿದ್ರೂ ಎಡಗಡೆಯದೇ. ಏನು ಮಾಡ್ತೀಯ ಅದಕ್ಕೆ?"

ಯಾವಾಗ ನೋಡಿದರೂ ಎಡಗಡೆಯದೇ. ದಿನಕ್ಕೆ ನಲವತ್ತು ಎದೆಗೆ ಸ್ಟೆತಾಸ್ಕೋಪು ಇಡುವ ಹೆಂಗಸಿಗೆ ಆ ಮಾತು ಚುಚ್ಚಿ ಅಲ್ಲೇ ನಿಂತಿತು. ಅವಳು ಪೆಟ್ಟಿಗೆ ಇಳಿಸಿ, ಎಂಜಿನ್ನಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಮತ್ತೆ ಕಣ್ಣು ಮುಚ್ಚಿದ್ದ ಮಾವನಿಗೆ ಗೊತ್ತಾಗದಂತೆ ಟ್ಯೂಬಿನ ಕೆಳತುದಿಗಳನ್ನು ಕಿತ್ತು ಅದಲುಬದಲು ಮಾಡಿದಳು.

"ಇನ್ನೂ ಎಡಗಡೆಯದೇ ಕಮ್ಮಿ," ಎಂದು ಮಾವ ಮತ್ತೆ ಸ್ಕ್ರೂಗೆ ಕೈ ಹಾಕಿದರು.

"ಕಣ್ಣು ಬಿಡಿ ಮಾವ. ನಿಮ್ಮ ಎಡಗಿವಿಯಲ್ಲಿರೋದು ಈಗ ಬಲಗಡೆಯದು."

ಮಾವ ಕಣ್ಣು ಬಿಟ್ಟರು. ಒಂದರ ಮೇಲೊಂದು ಹಾಯ್ದುಹೋಗಿದ್ದ ಟ್ಯೂಬುಗಳನ್ನು ಬೆರಳಿನಿಂದ ಸವರುತ್ತ ತುದಿಯ ತನಕ ಹೋದರು. ಎಡಗಿವಿಯದನ್ನು ಕಿತ್ತು ಪಕ್ಕಕ್ಕೆಸೆದರು. ಬಲಗಿವಿಯೊಂದರಲ್ಲೇ ಮೊದಲು ಬಲಗಡೆಯದನ್ನು ಕೇಳಿದರು, ಆಮೇಲೆ ಎಡಗಡೆಯದನ್ನು. ಎಡಗಡೆಯದು ಭೋರೆನ್ನುತ್ತಿತ್ತು. ಆ ಸ್ಕ್ರೂವನ್ನು ಇಳಿಸುತ್ತ ಬಂದರು: ಒಂದು ಸುತ್ತು, ಇನ್ನೊಂದು, ಮತ್ತೆ ಕಾಲು. ಮಡ್‌ಗಾರ್ಡಿನ ಕುಣಿತ ನಿಂತಿತು. ಎಂಜಿನ್ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಒಂದೇ ಸಮನೆ ಉಸಿರಾಡತೊಡಗಿತು.

ಸೊಸೆ ಕಾದಳು. ಮಾವ ಬಟ್ಟೆಯಿಂದ ಕೈ ಒರೆಸಿಕೊಂಡು, "ಹೊತ್ತಾಯ್ತು, ಹೊರಡು. ಏರಿನಲ್ಲಿ ಎರಡನೇ ಗೇರು ಬಿಟ್ಟು ಮೇಲೆ ಹಾಕ್ಬೇಡ," ಎಂದರು.

ಅಷ್ಟೇ. ಅವಳ ಮೈ ಉರಿದುಹೋಯಿತು. ಪೆಟ್ಟಿಗೆಯನ್ನು ಕ್ಯಾರಿಯರಿಗೆ ಬಿಗಿದು ಕಟ್ಟಿ, ಸುತ್ತು ಹಾಕಿ ಮಾವನ ಎಡಕ್ಕೆ ಬಂದು ನಿಂತಳು. ಓಡುತ್ತಿದ್ದ ಎಂಜಿನ್ನಿನ ಸದ್ದಿನಲ್ಲಿ, ದನಿ ಏರಿಸದೆ ಹೇಳಿದಳು: "ಎರಡು ವರ್ಷ ಕಂಡಕಂಡವರ ಮುಂದೆ ನನ್ನ ಮಾನ ತೆಗೆದ್ರಿ. ನನ್ನ ಕೆಲಸ ಹೋಗೋ ಹಾಗೆ ಮಾಡಿದ್ರಿ. ಗುಡ್ಡದ ಮೇಲೆ ಕೂಸುಗಳು ಲಸಿಕೆ ಇಲ್ದೆ ವಾಪಸ್ಸು ಹೋದ್ವು. ತಪ್ಪಾಯ್ತು ಅನ್ನೋಕೆ ನಿಮ್ಮ ನಾಲಿಗೆಗೇನು ಲಕ್ವ ಹೊಡೆದಿದ್ಯಾ?"

ಮಾವ ಬಗ್ಗಿ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಜಗಲಿಯಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿ ನಕ್ಕರು. "ಬೈ, ಬೈ. ಹೊಟ್ಟೆಯಲ್ಲಿರೋದನ್ನೆಲ್ಲ ಕಕ್ಕಿಬಿಡು. ಆ ಮಗ್ಗುಲಲ್ಲಿ ನಿಂತ್ರೆ ಅವರಿಗೆ ಒಂದಕ್ಷರ ಕೇಳಿಸಲ್ಲ. ನಾನು ಎರಡು ವರ್ಷದಿಂದ ಅಲ್ಲೇ ನಿಂತು ಬೈಕೊಳ್ತಾ ಇದ್ದೀನಿ. ಎದೆ ಎಷ್ಟು ಹಗುರ ಆಗುತ್ತೆ ಗೊತ್ತಾ?"

ಗಾಡಿ ಏರಲು ಎತ್ತಿದ್ದ ಕಾಲನ್ನು ಸೊಸೆ ಮತ್ತೆ ನೆಲಕ್ಕಿಟ್ಟಳು.

"ಎರಡು ವರ್ಷದಿಂದಾನಾ ಅತ್ತೆ?"

ಅತ್ತೆಯ ನಗು ಸೆರಗಿನ ಹಿಂದೆಯೇ ನಿಂತಿತು.